ಕಂಪನಿಯವರೇ, ಮೊದಲು ಬ್ರೇಕು ಕೊಡಿ

ಇಲ್ಲಿ ಏನಾದರೂ ಬರೆದು ಎಷ್ಟು ತಿಂಗಳಾಯಿತೋ ನನಗೇ ಮರೆತುಹೋಗಿದೆ. ವಿಷಯ ಇರಲಿಲ್ಲ ಅಂತೇನಲ್ಲ, ಅಪ್ಪಟ ಸೋಮಾರಿತನ. ಈಗ ಕೂತು ಕೀಬೋರ್ಡು ಕುಟ್ಟುತ್ತಿರುವುದಕ್ಕೆ ಕಾರಣ ನಮ್ಮ ಅಕ್ಕನ ಮಗ. ಹೆಸರು ಹಾಕಿದರೆ ಮುನಿಸಿಕೊಳ್ಳುತ್ತಾನೆ, ಅದಕ್ಕೆ ಇಲ್ಲಿ ಅವನನ್ನು ‘ಹುಡುಗ’ ಅಂತಲೇ ಕರೆಯುತ್ತೇನೆ. ಇಪ್ಪತ್ತಾರು ವರ್ಷದ ಹುಡುಗ!

ಅಕ್ಕ ಇರೋದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿಯಲ್ಲಿ. ಮಾವಿನ ತೋಟ ಇದೆ. ಶ್ರೀನಿವಾಸಪುರ ಅಂದಮೇಲೆ ಇನ್ನೇನಿರುತ್ತೆ ಬಿಡಿ. ರೇಟು ಬಂದ ವರ್ಷ ಮನೆಗೆ ಬಣ್ಣ, ರೇಟು ಬಿದ್ದ ವರ್ಷ ಕಾಯಿ ಕೀಳಿಸಿದ ಕೂಲಿಯೂ ಹುಟ್ಟೋದಿಲ್ಲ. ಹೀಗೇ ನಾಲ್ಕೈದು ವರ್ಷದಿಂದ ಅಷ್ಟಿಷ್ಟು ಕೂಡಿಟ್ಟ ದುಡ್ಡಿದೆ. ಹುಡುಗ ನರಸಾಪುರದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾನೆ. ಅವನ ಹತ್ತಿರ ಸೆಕೆಂಡ್ ಹ್ಯಾಂಡ್ ಪುಟ್ಟ ಟರ್ಬೊ ಕಾರು ಒಂದಿದೆ. ಅದನ್ನು ಮಾರಿ, ಅಮ್ಮನ ಹತ್ತಿರ ಸ್ವಲ್ಪ ಇಸಕೊಂಡು, ಹೊಸದೊಂದು ‘ಸ್ಪೋರ್ಟಿ’ ಕಾರು ತಗೋಬೇಕು ಅನ್ನೋದು ಅವನ ಆಸೆ. ಅಕ್ಕ ಫೋನ್ ಮಾಡಿ, "ನೋಡೋ, ನನಗೆ ಇದೆಲ್ಲ ತಿಳಿಯಲ್ಲ. ನೀನು ಹೂಂ ಅಂದ್ರೆ ಕೊಡ್ತೀನಿ, ಇಲ್ಲಾಂದ್ರೆ ಇಲ್ಲ" ಅಂದುಬಿಟ್ಟಳು. ಅಕ್ಕಂದಿರು ಹೀಗೆ ತಮ್ಮಂದಿರ ತಲೆಗೆ ಕಟ್ಟಿ ಆರಾಮಾಗಿ ಇದ್ದುಬಿಡ್ತಾರೆ.

ಹುಡುಗನ ವಾದ ಇಷ್ಟು. "ಮಾಮ, ಹತ್ತು ಲಕ್ಷ ಕೊಟ್ಟು ಸ್ಪೋರ್ಟ್ಸು ಅಂತ ಸ್ಟಿಕರ್ ಅಂಟಿಸಿರೋ ಗಾಡಿ ತಗೋತೀವಿ. ಅದನ್ನ ಶೋರೂಮಿಂದ ಸೀದಾ ರೇಸ್ ಟ್ರ್ಯಾಕಿಗೆ ಓಡಿಸ್ಕೊಂಡು ಹೋದ್ರೆ ನಾಲ್ಕು ಸುತ್ತು ತಡ್ಕೋಬೇಕು ತಾನೆ? ತಡ್ಕೊಳಲ್ಲ ಅಂದ್ರೆ ಸ್ಪೋರ್ಟ್ಸು ಅಂತ ಯಾಕೆ ಮಾರ್ಬೇಕು? ಕಂಪನಿಯೋರೇ ಟ್ರ್ಯಾಕ್ ರೆಡಿ ಮಾಡಿ ಕೊಡ್ಲಿ."

ಕೇಳಿದ ತಕ್ಷಣ ನನಗೂ ಹೌದಲ್ವಾ ಅನ್ನಿಸಿತು. ಆಮೇಲೆ ಯೋಚನೆ ಮಾಡಿದೆ. ಅರ್ಧ ಹೌದು, ಅರ್ಧ ಖಂಡಿತಾ ಅಲ್ಲ. ಆ ಅರ್ಧ ಯಾವುದು ಅಂತ ಹೇಳೋದಕ್ಕೆ ಇಷ್ಟು ಪೀಠಿಕೆ.

ಮೊದಲು ನಮ್ಮ ರಸ್ತೆಯ ಬಗ್ಗೆ ಹೇಳಬೇಕು. ಬೆಂಗಳೂರಿಂದ ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು ದಾಟಿ ಹೋಗುವ ಹಳೇ ಮದ್ರಾಸು ರಸ್ತೆ. ಮೊದಲು ನಾಲ್ಕನೇ ನಂಬರಿನ ಹೆದ್ದಾರಿ ಅಂತಿತ್ತು, ಈಗ ಎಪ್ಪತ್ತೈದು. ಭಾನುವಾರ ಬೆಳಿಗ್ಗೆ ಕೋಲಾರದ ಬೈಪಾಸಿನಲ್ಲಿ ನಿಂತುಕೊಂಡರೆ ಗೊತ್ತಾಗುತ್ತೆ. ಲಕ್ಷಗಟ್ಟಲೆ ಬೆಲೆಯ ಬೈಕುಗಳು ಜೇನುಹುಳ ಎದ್ದ ಹಾಗೆ ಸದ್ದು ಮಾಡಿಕೊಂಡು ಮುಳಬಾಗಿಲು ಕಡೆಗೆ ಹೋಗ್ತವೆ. ಯಾಕೆ ಅಂದ್ರೆ ದೋಸೆ ತಿನ್ನೋದಕ್ಕೆ. ನೂರು ಕಿಲೋಮೀಟರು ದೋಸೆಗೋಸ್ಕರ! ಮುಳಬಾಗಿಲು ದೋಸೆ ಅದಕ್ಕೆ ಯೋಗ್ಯವೇ, ಆ ಮಾತು ಬೇರೆ.

ತಮಾಷೆ ಏನಂದ್ರೆ, ಅದೇ ದಿಕ್ಕಿನಲ್ಲಿ ನಂಗಲಿ ದಾಟಿ, ಪಲಮನೇರು, ಚಿತ್ತೂರು, ರಾಣಿಪೇಟೆ, ಕಾಂಚೀಪುರದ ಕಡೆಯಿಂದ ಹೋಗ್ತಾ ಇದ್ರೆ ಶ್ರೀಪೆರಂಬುದೂರು ಸಿಗುತ್ತೆ. ಅದರ ಪಕ್ಕ ಇರುಂಗಾಟ್ಟುಕೋಟೆ. ಅಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ ರೇಸ್ ಟ್ರ್ಯಾಕ್ ಇದೆ. 3.7 ಕಿ.ಮೀ. ಉದ್ದ, ಹನ್ನೆರಡು ತಿರುವು. ಅಂದರೆ ನಮ್ಮ ಊರಿನ ಬಾಗಿಲಿಂದ ಹೊರಟ ದಾರಿ ನೇರ ರೇಸ್ ಟ್ರ್ಯಾಕಿನ ಬಾಗಿಲಿಗೇ ಹೋಗಿ ಮುಟ್ಟುತ್ತೆ. ಆದರೆ ಕೋಲಾರದಿಂದ ಇನ್ನೂರು ಕಿಲೋಮೀಟರಿನ ಮೇಲಾಯಿತು. ಹೀಗಾಗಿ ಮುಳಬಾಗಿಲಿನ ದೋಸೆಯ ತನಕ ಹೋದವರು ಎಷ್ಟೋ ಮಂದಿ, ಟ್ರ್ಯಾಕಿನ ತನಕ ಹೋದವರು ಬೆರಳೆಣಿಕೆ. ಉಳಿದವರಿಗೆ ರಸ್ತೆಯೇ ಟ್ರ್ಯಾಕು.

ನಮ್ಮ ಹುಡುಗ ಆ ಬೆರಳೆಣಿಕೆಯವರಲ್ಲಿ ಒಬ್ಬ. ಹೋದ ವರ್ಷ ಒಂದು ಟ್ರ್ಯಾಕ್ ಡೇಗೆ ಹೆಸರು ಕೊಟ್ಟಿದ್ದ. ಟ್ರ್ಯಾಕ್ ಡೇ ಅಂದ್ರೆ ರೇಸಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕ್ಕೊಂಡು, ನಮ್ಮದೇ ಗಾಡಿಯನ್ನು ಟ್ರ್ಯಾಕಿನಲ್ಲಿ ಓಡಿಸೋದು. ಎದುರಿಂದ ಯಾರೂ ಬರಲ್ಲ, ಅಡ್ಡ ಎಮ್ಮೆ ಬರಲ್ಲ. "ಮಾಮ ನೀವೂ ಬನ್ನಿ" ಅಂದ. ಅಕ್ಕನಿಗೆ ಕಾಂಚೀಪುರದ ದೇವಸ್ಥಾನ ನೋಡಿಕೊಂಡು ಬರ್ತೀವಿ ಅಂತ ಹೇಳಿದ್ದೆವು (ಅಕ್ಕ ಇದನ್ನು ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಾ ಇದ್ದೀನಿ). ಬೆಳಗಿನ ಜಾವ ಮೂರು ಗಂಟೆಗೇ ಹೊರಟೆವು. ಮುಳಬಾಗಿಲಿನಲ್ಲಿ ಒಂದು ಹೋಟೆಲೂ ತೆಗೆದಿರಲಿಲ್ಲ.

ಮೊದಲನೇ ಸುತ್ತು, ಎರಡನೇ ಸುತ್ತು ಹುಡುಗನ ಮುಖ ನೋಡಬೇಕಿತ್ತು. ನಾನು ಹೊರಗೆ ನಿಂತಿದ್ದೆ. ನಾಲ್ಕನೇ ಸುತ್ತಿಗೆ ಅವನ ಕಾರು ಎಲ್ಲಿ ಕಾಣಿಸಬೇಕಿತ್ತೋ ಅಲ್ಲಿ ಕಾಣಿಸಲಿಲ್ಲ. ದೂರದಲ್ಲಿ ಧೂಳು ಎದ್ದಿತು. ನನ್ನ ಎದೆ ಅಲ್ಲೇ ನಿಂತಹಾಗಾಯ್ತು. ಆಮೇಲೆ ಗೊತ್ತಾಗಿದ್ದು, ಒಂದು ತಿರುವಿಗೆ ಮುಂಚೆ ಬ್ರೇಕು ತುಳಿದರೆ ಪೆಡಲು ಮೆತ್ತಗೆ ಕೆಳಕ್ಕೆ ಹೋಗಿಬಿಟ್ಟಿದೆ. ಒದ್ದೆ ಬಟ್ಟೆ ತುಳಿದ ಹಾಗಿತ್ತು ಮಾಮ ಅಂದ. ಗಾಡಿ ಸೀದಾ ಹೋಗಿ ಮಣ್ಣಿನಲ್ಲಿ ನಿಂತಿತು. ಟ್ರ್ಯಾಕಿನಲ್ಲಿ ಹೀಗಾಗುತ್ತೆ ಅಂತಲೇ ಅಷ್ಟಗಲ ಜಾಗ ಬಿಟ್ಟಿರ್ತಾರೆ. ಒಂದು ಗೀರೂ ಇಲ್ಲ. ಅರ್ಧ ಗಂಟೆ ನಿಲ್ಲಿಸಿ ತಣ್ಣಗಾದ ಮೇಲೆ ನೋಡಿದರೆ ಬ್ರೇಕು ಮತ್ತೆ ಹೆಚ್ಚುಕಮ್ಮಿ ಸರಿಯಾಗಿತ್ತು!

ವಾಪಸ್ಸು ಬಂದಮೇಲೆ ಗಾಡಿಯನ್ನು ಸರ್ವೀಸಿಗೆ ತಗೊಂಡು ಹೋದ. ಅಲ್ಲಿಯವರು ಕೇಳಿದ ಮೊದಲ ಪ್ರಶ್ನೆ, "ಟ್ರ್ಯಾಕಿಗೆ ಹೋಗಿದ್ರಾ?" ಹುಡುಗ ಸುಳ್ಳು ಹೇಳೋದನ್ನ ಇನ್ನೂ ಕಲಿತಿಲ್ಲ. ಹಾಗಾದ್ರೆ ವಾರಂಟಿ ಕೇಳಬೇಡಿ ಅಂದುಬಿಟ್ಟರು. ಆ ಗಾಡಿಯ ಜಾಹೀರಾತಿನಲ್ಲಿ ಕಾರು ಓಡ್ತಾ ಇದ್ದದ್ದು ರೇಸ್ ಟ್ರ್ಯಾಕಿನ ಮೇಲೆ. ಯಾವ ಕಂಪನಿ ಅಂತ ಕೇಳಬೇಡಿ. ಬಹಳ ಕಂಪನಿಗಳ ಜಾಹೀರಾತು ಹಾಗೇ ಇರುತ್ತೆ.

ಪೆಡಲು ಯಾಕೆ ಕೆಳಕ್ಕೆ ಹೋಯಿತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನನ್ನ ವಾದ ಪೂರ್ತಿ ನಿಂತಿರೋದು ಅದರ ಮೇಲೆ. ಬ್ರೇಕು ಮಾಡೋ ಕೆಲಸ ಅಂದ್ರೆ ಓಟವನ್ನು ಬಿಸಿಯಾಗಿ ಬದಲಾಯಿಸೋದು, ಅಷ್ಟೇ. 1100 ಕಿಲೋ ತೂಕದ ಕಾರನ್ನು 120ರಿಂದ 60ಕ್ಕೆ ಇಳಿಸೋದಕ್ಕೆ ಸುಮಾರು 4.6 ಲಕ್ಷ ಜೌಲ್ ಶಕ್ತಿ ಹೊರಗೆ ಹೋಗಬೇಕು. ಅಡುಗೆಮನೆ ಲೆಕ್ಕದಲ್ಲಿ ಹೇಳೋದಾದ್ರೆ ಒಂದೂವರೆ ಲೀಟರು ತಣ್ಣೀರು ಕುದಿ ಬರುವಷ್ಟು ಬಿಸಿ. ಗಾಳಿ, ಎಂಜಿನ್ನು ಅದರಲ್ಲಿ ಸ್ವಲ್ಪ ಪಾಲು ಹೊರುತ್ತವೆ, ಉಳಿದದ್ದೆಲ್ಲ ಬ್ರೇಕಿಗೆ. ಒಂದು ಸಲ ತುಳಿದರೆ ಒಂದು ಪಾತ್ರೆ ನೀರು ಕುದಿಸಿದ ಹಾಗೆ. ಹೆದ್ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಹಾಗೆ ತುಳಿದರೆ ಆರೋದಕ್ಕೆ ಹೊತ್ತು ಸಿಗುತ್ತೆ. ಟ್ರ್ಯಾಕಿನಲ್ಲಿ ಎರಡೂವರೆ ನಿಮಿಷದ ಒಂದು ಸುತ್ತಿನೊಳಗೆ ನಾಲ್ಕೈದು ಸಲ ತುಳೀತೀವಿ. ಬಿಸಿ ಮೇಲೆ ಬಿಸಿ.

ಆ ಬಿಸಿ ನಿಧಾನಕ್ಕೆ ಬ್ರೇಕ್ ಆಯಿಲ್ಲಿಗೆ ಹತ್ತುತ್ತೆ. ಹೊಸ ಡಾಟ್ 3 ಆಯಿಲ್ಲು 205 ಡಿಗ್ರಿ ತನಕ, ಡಾಟ್ 4 ಆದ್ರೆ 230 ಡಿಗ್ರಿ ತನಕ ಕುದಿಯದೆ ತಡೆಯಬೇಕು ಅನ್ನೋದು ಕನಿಷ್ಠ ನಿಯಮ. ಆದರೆ ಈ ಆಯಿಲ್ಲು ಉಪ್ಪಿನ ಹಾಗೆ, ಗಾಳಿಯಲ್ಲಿರೋ ನೀರನ್ನ ಹೀರ್ಕೊಳ್ಳುತ್ತೆ. ನೀರು ಸೇರಿದ ಮೇಲೆ ಡಾಟ್ 3ರ ಲೆಕ್ಕ 140ಕ್ಕೆ, ಡಾಟ್ 4ರದು 155ಕ್ಕೆ ಇಳಿಯುತ್ತೆ. ಕುದ್ದರೆ ಆವಿಯ ಗುಳ್ಳೆ. ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತೆ, ಚಕ್ರ ನಿಲ್ಲಲ್ಲ. ಹುಡುಗನ ಕಾಲಿನ ಕೆಳಗೆ ಆದದ್ದು ಅದೇ. ಅವನ ಗಾಡಿಯ ಹಳೇ ಯಜಮಾನ ಬ್ರೇಕ್ ಆಯಿಲ್ಲನ್ನು ಒಂದು ಸಲವೂ ಬದಲಾಯಿಸಿರಲಿಲ್ಲ ಅಂತ ಆಮೇಲೆ ತಿಳಿಯಿತು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ನೀವು ಎಷ್ಟು ಜನ ಬದಲಾಯಿಸಿದ್ದೀರಿ, ಎದೆ ಮುಟ್ಟಿಕೊಂಡು ಹೇಳಿ ನೋಡೋಣ :-)

ಈಗ ನನ್ನ ತಕರಾರಿಗೆ ಬರ್ತೀನಿ. ಗಾಡಿಯಲ್ಲಿ ಎರಡು ಜಾತಿ ಸಾಮಾನು ಇರುತ್ತವೆ. ಓಡಿಸೋ ಸಾಮಾನು, ನಿಲ್ಲಿಸೋ ಸಾಮಾನು. ‘ಟ್ರ್ಯಾಕ್ ರೆಡಿ’ ಅಂತ ಹುಡುಗರು ಕೇಳೋವಾಗ ಎರಡನ್ನೂ ಒಟ್ಟಿಗೆ ಕೇಳ್ತಾರೆ. ಕಂಪನಿಯವರು ಕೊಡೋವಾಗ ಮಾತ್ರ ಓಡಿಸೋದನ್ನ ಮೊದಲು ಕೊಡ್ತಾರೆ, ಸದ್ದು ಮಾಡೋ ಸೈಲೆನ್ಸರ್ ಅದರ ಜತೆಗೆ, ಕೆಂಪು ದಾರದ ಹೊಲಿಗೆ ಹಾಕಿದ ಸೀಟು ಅದರ ಜತೆಗೆ. ಬ್ರೇಕಿನ ವಿಷಯಕ್ಕೆ ಬಂದಾಗ ಲೆಕ್ಕಾಚಾರ ಶುರು. ನನ್ನ ಪ್ರಕಾರ ನಿಲ್ಲಿಸೋ ಸಾಮಾನು ಫ್ಯಾಕ್ಟರಿಯಿಂದಲೇ, ಎಲ್ಲರಿಗೂ, ಕೇಳದೆಯೇ ಬರಬೇಕು. ದೊಡ್ಡ ಡಿಸ್ಕು, ಅದಕ್ಕೆ ಗಾಳಿ ಹೋಗೋ ದಾರಿ, ಒಳ್ಳೆ ದರ್ಜೆಯ ಆಯಿಲ್ಲು, ಹಿಡಿತ ಇರೋ ಟೈರು, ಎಂಜಿನ್ನು ತಣ್ಣಗಿಡೋ ರೇಡಿಯೇಟರು. ಓಡಿಸೋ ಸಾಮಾನು, ಅಂದ್ರೆ ಟ್ರ್ಯಾಕಿಗೆ ಮಾತ್ರ ಬೇಕಾದ್ದು, ಒಂದು ಪೆಟ್ಟಿಗೆಯಲ್ಲಿ ಬೇರೆ ಬರಲಿ. ಬೇಕಾದವನು ಬಿಚ್ಚಿಕೊಳ್ಳಲಿ.

ಯಾಕೆ ಪೂರ್ತಿ ರೆಡಿ ಮಾಡಿ ಕೊಡಬಾರದು ಅಂದ್ರೆ, ಟ್ರ್ಯಾಕಿಗೆ ಒಳ್ಳೇದಾಗಿದ್ದು ಮಾಲೂರಿಗೆ ಒಳ್ಳೇದಲ್ಲ. ಮಾಲೂರಿಂದ ಮಾಸ್ತಿ ಕಡೆ ಹೋಗೋ ರಸ್ತೆಯಲ್ಲಿ ಇಟ್ಟಿಗೆ ಲಾರಿಯ ಹಿಂದೆ ಒಂದು ದಿನ ಹೋಗಿ ನೋಡಿ. ಟ್ರ್ಯಾಕಿಗೆ ಹೇಳಿಸಿದ ಗಟ್ಟಿ ಸಸ್ಪೆನ್ಷನ್ನು ಇದ್ರೆ ಬೆನ್ನುಮೂಳೆ ಲೆಕ್ಕ ಹಾಕಬಹುದು. ನೆಲಕ್ಕೆ ತಗ್ಗಿಸಿದ ಕಾರು ನಮ್ಮ ಅಕ್ಕನ ಹಳ್ಳಿಯ ಮೊದಲನೇ ಹಂಪಿನಲ್ಲೇ ಹೊಟ್ಟೆ ಕೊಟ್ಟು ಕೂರುತ್ತೆ. ಆ ಹಂಪಿಗೆ ಬಣ್ಣ ಇಲ್ಲ, ಬೋರ್ಡು ಇಲ್ಲ, ಊರಿನವರೇ ರಾತ್ರೋರಾತ್ರಿ ಹಾಕಿದ್ದು. ಟ್ರ್ಯಾಕಿನ ಟೈರಿನಲ್ಲಿ ಗೆರೆ ಕಮ್ಮಿ, ಮೊದಲ ಮಳೆಗೇ ಜಾರುತ್ತೆ. ರೇಸಿನ ಬ್ರೇಕ್ ಪ್ಯಾಡೂ ಅಷ್ಟೆ. ಬಿಸಿಯಾದಾಗ ಕಚ್ಚಿ ಹಿಡಿಯುತ್ತೆ, ತಣ್ಣಗಿದ್ದಾಗ ಹಿಡಿಯೋದಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟು ಮೊದಲನೇ ತಿರುವಿನಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡ ಮೊಪೆಡ್ಡು ಅಡ್ಡ ಬಂದರೆ? ಅದಕ್ಕೇ ನಾನು ರೇಸ್ ಪ್ಯಾಡು ಕೊಡಿ ಅನ್ನಲಿಲ್ಲ, ಬಿಸಿ ತಡೆಯೋ ಬ್ರೇಕು ಕೊಡಿ ಅಂದಿದ್ದು. ಎರಡಕ್ಕೂ ವ್ಯತ್ಯಾಸ ಇದೆ.

ಇದೇನೂ ನನ್ನ ತಲೆಯಿಂದ ಹುಟ್ಟಿದ ಹೊಸ ವಿಚಾರ ಅಲ್ಲ. ಕಾರಿನವರಿಗಿಂತ ಬೈಕಿನವರು ಇದನ್ನು ಮೊದಲು ಅರ್ಥ ಮಾಡ್ಕೊಂಡರು. ಅದೂ ನಮ್ಮ ಮಗ್ಗುಲಲ್ಲೇ. ಮಾಲೂರಿನ ಆಚೆ ಗಡಿ ದಾಟಿದರೆ ಹೊಸೂರು, ಟಿವಿಎಸ್ ಊರು. ಅವರು 2021ರಲ್ಲಿ ಅಪಾಚೆ ಆರ್‌ಆರ್ 310 ಬೈಕನ್ನು ಕೇಳಿದ ಹಾಗೆ ಕಟ್ಟಿ ಕೊಡೋ ಪದ್ಧತಿ ತಂದರು. ಮಾಮೂಲಿ ಬೈಕು ಒಂದು. ಬೇಕು ಅಂದವರಿಗೆ ಹೊಂದಿಸಿಕೊಳ್ಳಬಹುದಾದ ಸಸ್ಪೆನ್ಷನ್ನಿನ ಕಿಟ್ಟು, ಆಗಿನ ಬೆಲೆ 12,000 ರೂಪಾಯಿ. ಹ್ಯಾಂಡಲ್ಲು ಕೆಳಗೆ, ಕಾಲಿಡೋದು ಮೇಲೆ ಮಾಡೋ ರೇಸ್ ಕಿಟ್ಟು 5,000 ರೂಪಾಯಿ. ಫ್ಯಾಕ್ಟರಿಯಲ್ಲೇ ಕೂರಿಸಿ ಕೊಡ್ತಾರೆ. ಬೇಡದವನು ದುಡ್ಡು ಕೊಡಬೇಕಿಲ್ಲ, ಅವನ ಬೆನ್ನೂ ಉಳಿಯಿತು.

ಹೀರೋದವರ ಎಕ್ಸ್‌ಪಲ್ಸ್ 200 ಕತೆ ಇನ್ನೂ ಚೆನ್ನಾಗಿದೆ. 2019ರಲ್ಲಿ ಬಂದ ಗಾಡಿ, ಮಣ್ಣುರಸ್ತೆಗೆ ಮಾಡಿದ್ದು, ಬಡವರ ರ‍್ಯಾಲಿ ಬೈಕು ಅನ್ನಬಹುದು. ಮಾರನೇ ವರ್ಷ ಅದಕ್ಕೊಂದು ರ‍್ಯಾಲಿ ಕಿಟ್ಟು ಬಿಟ್ಟರು, 38,000 ರೂಪಾಯಿಗೆ. ಅದನ್ನು ಹಾಕಿಕೊಂಡರೆ ಸ್ಪರ್ಧೆಗೇ ಹೋಗಬಹುದಿತ್ತು. ಆಮೇಲೆ 2023ರಲ್ಲಿ ಪ್ರೊ ಅಂತ ಒಂದನ್ನ ಫ್ಯಾಕ್ಟರಿಯಿಂದಲೇ ಎಲ್ಲ ಕೂರಿಸಿ ತಂದರು. ಅದರ ಸೀಟು ನೆಲದಿಂದ 891 ಮಿಲಿಮೀಟರು ಎತ್ತರ! ಮಾಮೂಲಿ ಎಕ್ಸ್‌ಪಲ್ಸಿಗಿಂತ ಅಷ್ಟು ಎತ್ತರ ಹೋಯಿತು. ನನ್ನ ಗೆಳೆಯರೊಬ್ಬರು, ಮುಳಬಾಗಿಲಿನಲ್ಲಿ ಮೇಷ್ಟ್ರು, ಐದಡಿ ನಾಲ್ಕಿಂಚು. ಶೋರೂಮಿನಲ್ಲಿ ಹತ್ತಿ ಕೂತರು, ಇಳಿಯೋದಕ್ಕೆ ಇಬ್ಬರು ಹಿಡಿಯಬೇಕಾಯ್ತು. ಮಾಮೂಲಿಯದ್ದನ್ನೇ ತಗೊಂಡು ಸುಖವಾಗಿದ್ದಾರೆ. ಎರಡೂ ಇರಲಿ, ಆರಿಸಿಕೊಳ್ಳೋದು ನಮಗೆ ಬಿಡಲಿ. ಅದನ್ನೇ ನಾನು ಹೇಳ್ತಿರೋದು.

ಎಕ್ಸ್‌ಪಲ್ಸ್ ಅಂದಾಗ ಸಿ.ಎಸ್. ಸಂತೋಷ್ ನೆನಪಾಗದೆ ಇರೋಲ್ಲ. ಡಕಾರ್ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ, 2015ರಲ್ಲಿ, 36ನೇ ಸ್ಥಾನ. ಆಮೇಲೆ ಹೀರೋ ತಂಡದಲ್ಲಿ ಓಡಿಸಿದರು. 2021ರ ಡಕಾರಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಎಷ್ಟೋ ದಿನ ಎಚ್ಚರ ತಪ್ಪಿದ್ದರು, ಬದುಕಿ ಬಂದರು. ಆ ಮನುಷ್ಯ ನಮ್ಮ ಕೋಲಾರದ ಕಡೆ ಬಿಗ್ ರಾಕ್ ಡರ್ಟ್ ಪಾರ್ಕ್ ಅಂತ ಒಂದು ಜಾಗ ಮಾಡಿ, ಮಣ್ಣಿನಲ್ಲಿ ಬೈಕು ಓಡಿಸೋದನ್ನ ಕಲಿಸೋಕೆ ಶುರು ಮಾಡಿದರು. ಗಾಡಿ ರೆಡಿ ಇದ್ದರೆ ಸಾಲದು, ಓಡಿಸೋನು ರೆಡಿ ಇರಬೇಕು ಅಂತ ಅವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತಿರುತ್ತೆ?

ಇನ್ನು ಕಾರು. ನಮ್ಮಲ್ಲಿ ಇದನ್ನ ಪ್ರಯತ್ನಪಟ್ಟವರು ಇಲ್ಲದೆ ಇಲ್ಲ. ಕೊಯಮತ್ತೂರಿನ ಕರಿವರ್ಧನ್ ಅವರ ಹೆಸರು ಕೇಳಿರಬಹುದು. ಮಾರುತಿ 800ರ ಎಂಜಿನ್ನು ಇಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು, ಫಾರ್ಮುಲಾ ಮಾರುತಿ ಅಂತ. ನಮ್ಮ ದೇಶದ ಮೊದಲ ಫಾರ್ಮುಲಾ ಒನ್ ಡ್ರೈವರು ನರೇನ್ ಕಾರ್ತಿಕೇಯನ್ ರೇಸು ಶುರು ಮಾಡಿದ್ದು ಅದರಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ದಾರಿ ಬೇರೆ. ಅದು ರಸ್ತೆ ಕಾರನ್ನ ರೇಸಿಗೆ ತಿದ್ದಿದ್ದಲ್ಲ, ರಸ್ತೆ ಎಂಜಿನ್ನಿಂದ ರೇಸಿಗೆಂದೇ ಕಟ್ಟಿದ ಬೇರೆ ಕಾರು.

ಅದೇ ಕೊಯಮತ್ತೂರಿನ ಜಯೆಮ್ ಕಂಪನಿಯ ಜತೆ ಸೇರಿ ಟಾಟಾದವರು 2018ರಲ್ಲಿ ಟಿಯಾಗೊ ಜೆಟಿಪಿ ಅಂತ ತಂದರು. 6.39 ಲಕ್ಷಕ್ಕೆ 114 ಕುದುರೆ ಶಕ್ತಿ. ಅಷ್ಟು ಕಮ್ಮಿ ದುಡ್ಡಿಗೆ ಅಷ್ಟು ಶಕ್ತಿ ಕೊಟ್ಟವರು ಆಗ ಇನ್ನಾರೂ ಇರಲಿಲ್ಲ ಅನ್ನಬಹುದು. ಹುಡುಗರು ಕುಣಿದಾಡಿದರು. ಆದರೆ ಹಿಂದಿನ ಚಕ್ರಕ್ಕೆ ಅದೇ ಡ್ರಮ್ ಬ್ರೇಕು. 2020ರಲ್ಲಿ ಬಿಎಸ್6 ಬಂದಾಗ ಗಾಡಿ ನಿಂತೇಹೋಯಿತು. ನನಗೆ ಇವತ್ತಿಗೂ ಬೇಜಾರಿದೆ. ಅದನ್ನು ಇನ್ನೆರಡು ವರ್ಷ ಉಳಿಸಿ, ಶಕ್ತಿ ಹತ್ತು ಕಮ್ಮಿ ಮಾಡಿ ಹಿಂದಕ್ಕೂ ಡಿಸ್ಕು ಕೊಟ್ಟಿದ್ದರೆ ನಮ್ಮ ಹುಡುಗ ಇವತ್ತು ನನ್ನ ತಲೆ ತಿನ್ನುತ್ತಿರಲಿಲ್ಲ.

ಹ್ಯುಂಡೈನವರ ಫ್ಯಾಕ್ಟರಿ ಇರೋದು ಎಲ್ಲಿ ಗೊತ್ತಾ? ಇರುಂಗಾಟ್ಟುಕೋಟೆಯಲ್ಲೇ, ಆ ರೇಸ್ ಟ್ರ್ಯಾಕಿನ ಊರಲ್ಲೇ! 2021ರಲ್ಲಿ ಐ20 ಎನ್ ಲೈನ್ ಅಂತ ತಂದರು. ನಾಲ್ಕೂ ಚಕ್ರಕ್ಕೆ ಡಿಸ್ಕು ಕೊಟ್ಟರು, ಅದಕ್ಕೆ ನನ್ನ ಪೂರ್ಣ ಅಂಕ. ಆದರೆ ಎನ್ ಲೈನ್ ಬೇರೆ, ಎನ್ ಬೇರೆ. ಹೊರದೇಶದಲ್ಲಿ ಅವರು ಮಾರಿದ ಐ30 ಎನ್ ನಿಜವಾದ ಎನ್. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಒಂದು ಮಾತು ಕೊಟ್ಟರು. ಸ್ಪರ್ಧೆಯಲ್ಲದ ಟ್ರ್ಯಾಕ್ ಡೇಗೆ ತಗೊಂಡು ಹೋದರೂ ವಾರಂಟಿ ಹೋಗಲ್ಲ ಅಂತ. ಇದು ದೊಡ್ಡ ಮಾತು ಸ್ವಾಮಿ. ಮುನ್ನೂರು ಕುದುರೆ ಶಕ್ತಿಗಿಂತ ದೊಡ್ಡದು. ಟ್ರ್ಯಾಕಿನ ಚಿತ್ರ ತೋರಿಸಿ ಮಾರಿದ ಮೇಲೆ ಟ್ರ್ಯಾಕಿಗೆ ಹೋದವನನ್ನ ಕಳ್ಳನ ಹಾಗೆ ನೋಡಬಾರದು, ಅಷ್ಟೇ ನಾನು ಕೇಳೋದು. ಅಮೆರಿಕದಲ್ಲಿ ಟೊಯೊಟಾದವರು ಜಿಆರ್86 ಕೊಂಡವರಿಗೆ ನಾಸಾ ಸದಸ್ಯತ್ವ ಒಂದು ವರ್ಷ ಪುಕ್ಕಟೆ ಕೊಟ್ಟರು, ಒಂದು ದಿನ ಟ್ರ್ಯಾಕಿನಲ್ಲಿ ಮೇಷ್ಟ್ರ ಕೈಕೆಳಗೆ ಓಡಿಸೋ ಅವಕಾಶದ ಜತೆ. ರಾಕೆಟ್ಟಿನ ನಾಸಾ ಅಲ್ಲ, ನ್ಯಾಷನಲ್ ಆಟೊ ಸ್ಪೋರ್ಟ್ ಅಸೋಸಿಯೇಷನ್ :-)

ಕಂಪನಿ ಕೊಡದಿದ್ದರೆ ಏನಂತೆ, ಹೊರಗಡೆ ಗ್ಯಾರೇಜಿನಲ್ಲಿ ಹಾಕಿಸ್ಕೋತೀವಿ ಅಂತ ಕೆಲವರು ಹೇಳಬಹುದು. ಕಾನೂನು ಬೇರೆ ಹೇಳುತ್ತೆ. ಕಂಪನಿ ಮಾಡಿದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದೇ ವರ್ಷ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು ಅಂತ ಇದೆ. ಹಾಗಾಗಿ ನಮ್ಮ ದೇಶದಲ್ಲಿ ಕಿಟ್ಟು ಅನ್ನೋದು ಕಂಪನಿಯಿಂದಲೇ, ಕಾಗದಪತ್ರದ ಜತೆಗೇ ಬರಬೇಕು. ಬೇರೆ ದಾರಿಯಲ್ಲಿ ಹುಡುಗರು ತಪ್ಪಿತಸ್ಥರಾಗ್ತಾರೆ. ಇನ್ಶೂರೆನ್ಸಿನವರು ರೇಸು, ವೇಗದ ಪರೀಕ್ಷೆ ಇದ್ಯಾವುದಕ್ಕೂ ನಾವಿಲ್ಲ ಅಂತ ಪಾಲಿಸಿಯಲ್ಲೇ ಅಚ್ಚು ಹಾಕಿಬಿಟ್ಟಿರ್ತಾರೆ. ಅಂದ್ರೆ ಫ್ಯಾಕ್ಟರಿಯಿಂದ ಟ್ರ್ಯಾಕ್ ರೆಡಿ ಅಂತ ಬಂದ ಗಾಡಿಯೂ ರೇಸಿನಲ್ಲಿ ಗೋಡೆಗೆ ಗುದ್ದಿದರೆ ಖರ್ಚು ನಮ್ಮದೇ. ಹತ್ತು ಲಕ್ಷ ಅಂದ್ರೆ ಅಕ್ಕನ ಮನೆಯಲ್ಲಿ ಎಷ್ಟು ವರ್ಷದ ಮಾವು ಅಂತ ನಾನು ಹುಡುಗನಿಗೆ ಲೆಕ್ಕ ಹಾಕಿ ತೋರಿಸಿದೆ. ಅವನು ಮಾತಾಡಲಿಲ್ಲ.

ಬ್ರೇಕು ದುಬಾರಿ, ಕಮ್ಮಿ ಬೆಲೆ ಗಾಡಿಗೆ ಹಾಕಿದರೆ ಯಾರೂ ಕೊಳ್ಳಲ್ಲ ಅನ್ನೋ ಮಾತನ್ನ ನಾನು ನಂಬಲ್ಲ. ಎಬಿಎಸ್ ಬಗ್ಗೆಯೂ ಇದನ್ನೇ ಹೇಳ್ತಿದ್ದರು. 125 ಸಿಸಿಗಿಂತ ದೊಡ್ಡ ಬೈಕಿಗೆಲ್ಲ ಎಬಿಎಸ್ ಕಡ್ಡಾಯ ಅಂತ 2019ರ ಏಪ್ರಿಲ್‌ನಿಂದ ಪೂರ್ತಿ ಜಾರಿಯಾಯಿತು. ಬೈಕು ಮಾರೋದೇನು ನಿಂತುಹೋಯಿತೆ? ಈಗ ಯಾರಾದರೂ ಎಬಿಎಸ್ ಬೇಡ, ಎರಡು ಸಾವಿರ ಕಮ್ಮಿ ಮಾಡಿ ಅಂತ ಶೋರೂಮಿನಲ್ಲಿ ಜಗಳ ಆಡ್ತಾರಾ? ಎಲ್ಲರಿಗೂ ಕೊಟ್ಟರೆ ಅದು ಸಾಮಾನ್ಯ ಆಗುತ್ತೆ.

ಇಷ್ಟು ಹಠ ನನಗೆ ಯಾಕೆ ಅಂದ್ರೆ ಒಂದು ಹಳೇ ವಿಷಯ ಹೇಳಬೇಕು. ಕೋಲಾರದಲ್ಲಿ ನಾವು ಬಾಡಿಗೆಗಿದ್ದ ಬೀದಿಯಲ್ಲಿ ಒಬ್ಬ ಹುಡುಗ ಇದ್ದ. ಡಿಗ್ರಿ ಎರಡನೇ ವರ್ಷ. ಅವರಪ್ಪ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೀತಿದ್ದರು. ಸಾಲ ಮಾಡಿ ಬೈಕು ಕೊಡಿಸಿದ್ದರು. ಹುಡುಗ ಪಾಕೆಟ್ ಮನಿ ಉಳಿಸಿ ಉಳಿಸಿ ಸೈಲೆನ್ಸರ್ ಬದಲಾಯಿಸಿದ, ಸ್ಪ್ರಾಕೆಟ್ ಬದಲಾಯಿಸಿದ, ಏರ್ ಫಿಲ್ಟರು ಬದಲಾಯಿಸಿದ. ಬ್ರೇಕು ಮಾತ್ರ ಬಂದದ್ದು ಬಂದ ಹಾಗೇ ಇತ್ತು, ಪ್ಯಾಡು ಸವೆದಿತ್ತು. ಒಂದು ಸಂಜೆ ಹೆದ್ದಾರಿಯಲ್ಲಿ ಸರ್ವೀಸ್ ರಸ್ತೆಯಿಂದ ಒಂದು ಪಿಕಪ್ಪು ಕ್ರೇಟು ತುಂಬಿಕೊಂಡು ಮೇಲಕ್ಕೆ ಬಂತು. ನಮ್ಮ ಕಡೆಯ ಟೊಮ್ಯಾಟೊ ಪಿಕಪ್ಪಿನವರನ್ನ ನೀವು ನೋಡಿರ್ತೀರಿ, ನಿಜವಾದ ರೇಸಿನವರು ಅವರೇ, ಮಾರ್ಕೆಟ್ಟಿಗೆ ಹೊತ್ತಾಯಿತು ಅಂದರೆ ಹಿಂದೆ ಮುಂದೆ ನೋಡಲ್ಲ. ಹುಡುಗ ನಿಲ್ಲಿಸಲಾಗದೆ ಅದರ ಹಿಂಭಾಗಕ್ಕೆ ಹೋಗಿ ಸೇರಿಕೊಂಡ. ಆಸ್ಪತ್ರೆ ತನಕವೂ ಉಳಿಯಲಿಲ್ಲ. ಆ ಬೈಕು ಪೊಲೀಸ್ ಸ್ಟೇಷನ್ನಿನ ಮುಂದೆ ಎರಡು ವರ್ಷ ತುಕ್ಕು ಹಿಡೀತಾ ನಿಂತಿತ್ತು. ದಿನಾ ಅದರ ಮುಂದೆಯೇ ಓಡಾಡ್ತಿದ್ದೆ. ಸೈಲೆನ್ಸರ್ ಮಾತ್ರ ಯಾರೋ ಬಿಚ್ಚಿಕೊಂಡು ಹೋಗಿದ್ದರು.

ಈಗ ಇನ್ನೊಂದು ಹೊಸ ಆಸೆ ಬಂದಿದೆ. ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್ ವೇ. ನಮ್ಮ ರಾಜ್ಯದ 71 ಕಿ.ಮೀ., ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆಜಿಎಫ್ ಮಗ್ಗುಲಲ್ಲಿ ಬೇತಮಂಗಲದ ತನಕ, 2024ರ ಡಿಸೆಂಬರಿನಲ್ಲಿ ಓಡಾಟಕ್ಕೆ ಬಿಟ್ಟರು. 120 ಕಿ.ಮೀ. ವೇಗಕ್ಕೆ ಅಂತ ಕಟ್ಟಿದ ರಸ್ತೆ. ಬೈಕುಗಳಿಗೆ ಪ್ರವೇಶ ಇಲ್ಲ. ಹುಡುಗರು ಅದನ್ನ ನೋಡಿದ ತಕ್ಷಣ ಮೊಬೈಲು ತೆಗೆದು ಸ್ಪೀಡೋಮೀಟರಿನ ವಿಡಿಯೋ ಮಾಡ್ತಾರೆ. ರಸ್ತೆ ನೇರ ಇದೆ, ಸಪಾಟು ಇದೆ, ಆದರೆ ಅದು ಟ್ರ್ಯಾಕಲ್ಲ. ಬ್ರೇಕು ಹೋದರೆ ಹೋಗಿ ನಿಲ್ಲೋದಕ್ಕೆ ಮಣ್ಣಿನ ಜಾಗ ಅಲ್ಲಿ ಯಾರೂ ಬಿಟ್ಟಿಲ್ಲ. ಬೋನೆಟ್ಟಿನ ಮೇಲೆ ‘ಟ್ರ್ಯಾಕ್ ರೆಡಿ’ ಅಂತ ಸ್ಟಿಕರ್ ಇರೋ ಕಾರನ್ನ ಇಪ್ಪತ್ತು ವರ್ಷದವನ ಕೈಗೆ ಕೊಟ್ಟು, ಮನೆ ಹತ್ತಿರ ಅಂಥ ರಸ್ತೆ ಕೊಟ್ಟು, ಟ್ರ್ಯಾಕನ್ನ ಮಾತ್ರ ಇನ್ನೂರು ಕಿಲೋಮೀಟರು ದೂರ ಇಟ್ಟರೆ ಅವನು ಎಲ್ಲಿಗೆ ಹೋಗ್ತಾನೆ ಅಂತ ಹೇಳೋದಕ್ಕೆ ಜ್ಯೋತಿಷ್ಯ ಬೇಕಿಲ್ಲ. ಅದಕ್ಕೇ ಆ ಕಿಟ್ಟಿನ ಪೆಟ್ಟಿಗೆ ಬಿಚ್ಚೋ ಜಾಗ ಟ್ರ್ಯಾಕೇ ಆಗಬೇಕು, ಅದರೊಳಗೆ ಮೊದಲ ದಿನದ ಟಿಕೆಟ್ಟೂ ಇರಬೇಕು.

ಹುಡುಗ ಇದೆಲ್ಲ ಕೇಳಿ, "ಹಾಗಾದ್ರೆ ಬೇಡ ಅಂತೀರಾ ಮಾಮ?" ಅಂದ. ಬೇಡ ಅನ್ನಲಿಲ್ಲ. ನಾಲ್ಕು ಡಿಸ್ಕು ಇರೋದು, ಆರು ಏರ್ ಬ್ಯಾಗು ಇರೋದು ತಗೋ, ಸ್ಟಿಕರ್ ಯಾವುದಾದ್ರೂ ಇರಲಿ ಅಂದೆ. ಅಕ್ಕನಿಗೆ ಫೋನ್ ಮಾಡಿ ಹೂಂ ಅಂದೆ. ಆದರೆ ಒಂದು ಷರತ್ತು ಹಾಕಿದ್ದೇನೆ, ಹಳೇ ಗಾಡಿ ಮಾರೋ ಮುಂಚೆ ಅದರ ಬ್ರೇಕ್ ಆಯಿಲ್ಲು ಬದಲಾಯಿಸಿಯೇ ಮಾರಬೇಕು. ಕೊಳ್ಳೋನೂ ಯಾರದೋ ಮನೆ ಮಗ ತಾನೆ. ಕಳೆದ ಶನಿವಾರ ಅದೂ ಆಯಿತು. ಕೋಲಾರದ ಒಬ್ಬ ಮೆಕ್ಯಾನಿಕ್ಕು ಹಳೇ ಆಯಿಲ್ಲನ್ನ ಗಾಜಿನ ಬಾಟಲಿಗೆ ಇಳಿಸಿ ತೋರಿಸಿದ. ಕಷಾಯದ ಬಣ್ಣ. ಹುಡುಗ ಆ ಬಾಟಲಿಯನ್ನು ಹಿಡಿದುಕೊಂಡು ಎಷ್ಟೋ ಹೊತ್ತು ನೋಡ್ತಾ ನಿಂತಿದ್ದ.

ಹೊಸ ಗಾಡಿ ಬಂದಮೇಲೆ ಮತ್ತೆ ಇರುಂಗಾಟ್ಟುಕೋಟೆಗೆ ಹೋಗೋದಂತೆ. ಟ್ರ್ಯಾಕಿನ ಫೀಸು ನಾನು ಕೊಡ್ತೀನಿ ಅಂತ ಬಾಯಿ ತಪ್ಪಿ ಹೇಳಿಬಿಟ್ಟಿದ್ದೇನೆ. ಈ ಸಲ ಮುಳಬಾಗಿಲಿನಲ್ಲಿ ಹೋಟೆಲು ಬಾಗಿಲು ತೆಗೆಯೋ ಹೊತ್ತಿಗೆ ಸರಿಯಾಗಿ ಹೊರಡಬೇಕು. ಅಕ್ಕನಿಗೆ ಯಾವ ದೇವಸ್ಥಾನ ಅಂತ ಹೇಳೋದು ಅನ್ನೋದೇ ಇನ್ನೂ ಗೊತ್ತಾಗಿಲ್ಲ. ನಿಮಗೇನಾದ್ರೂ ತೋಚಿದರೆ ತಿಳಿಸಿ.